ಎರಡು ಮಿಸ್ ಕಾಲ್

"ನನ್ನ ನಂಬರ್ ಹಾಕ್ರಿ."

ಬೆನ್ನ ಹಿಂದಿನಿಂದ ಬಂದ ಗಂಡುದನಿಗೆ ಭುವನೇಶ್ವರಿ ಗರ್ರನೆ ತಿರುಗಿದಳು.

"ಏನಂದ್ರಿ? ಹುಡುಗ್ಯಾರ ನಂಬರ್ ಕೇಳೋರನ್ನ ನೋಡೀನಿ. ತಮ್ಮ ನಂಬರ್ ತಾವೇ ಕೊಡೋರನ್ನ ಇವತ್ತೇ ನೋಡಾಕತ್ತೇನಿ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಯಿತು.

ಅದು ಆಳಂದ ಬಸ್ ಸ್ಟ್ಯಾಂಡ್ ಎದುರಿನ ಗೌಸಮೊಹಿದ್ದೀನ ಚಾಚಾನ ಆನ್‌ಲೈನ್ ಸೆಂಟರ್. ಬಿ.ಇಡಿ. ಸೀಟಿಗೆ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಪರದೆಯ ಮೇಲೆ ಒಟಿಪಿ ಕೇಳುವ ಡಬ್ಬಿ ಖಾಲಿ ಬಾಯಿ ತೆರೆದು ಕೂತಿತ್ತು. ಜಿಡಗಾದ ಅವರ ಮನೆಗೆ ಇದ್ದದ್ದು ಒಂದೇ ಫೋನು, ಅದು ಅಣ್ಣ ಶಿವರಾಯನ ಜೇಬಿನಲ್ಲಿ. ಅಣ್ಣ ತೊಗರಿ ಹೊಲದಲ್ಲಿ. ಒಟಿಪಿ ಕೇಳಿದರೆ "ನಿಂಗ್ಯಾಕ ಬೇ ಬಿ.ಇಡಿ.?" ಅನ್ನುವ ಉತ್ತರ ಗ್ಯಾರಂಟಿ.

"ಬೇಟಿ, ಒಂದು ನಂಬರಿಗಿ ಒಂದೇ ಅರ್ಜಿ," ಚಾಚಾ ಕನ್ನಡಕ ಮೇಲೇರಿಸಿದ. "ನಂದು ಆಗಲೇ ಒಬ್ಬಾಕಿಗಿ ಹಚ್ಚೇನಿ. ಈ ಹುಡುಗನ ಬಲ್ಲಿ ಎರಡು ಸಿಮ್ ಅವ, ಒಂದಕ್ಕ ಅವನ ಅರ್ಜಿ ಹಾಕೇನಿ, ಇನ್ನೊಂದು ಖಾಲಿ ಅದ. ಮಹೇಶಕುಮಾರ ಅಂತ, ಅಫಜಲಪುರದವ. ಇಲ್ಲೇ ಹಾಸ್ಟೆಲಿನ್ಯಾಗಿದ್ದು ಡಿಗ್ರಿ ಮುಗಿಸ್ಯಾನ. ಹಾಕ್ಲೇನು?"

ಇಪ್ಪತ್ತೆರಡು ವರ್ಷದ ಹೆಣ್ಣು. ಗಣಿತದಲ್ಲಿ ಇಡೀ ಕಾಲೇಜಿಗೇ ಮೊದಲು ಬಂದವಳು. ಅವಳು ಓಟು ಹಾಕಬಹುದು, ಹೊಲದಲ್ಲಿ ದುಡಿಯಬಹುದು, ಯಾರೋ ತೋರಿಸಿದವನ ಹಿಂದೆ ಗಂಡನ ಮನೆಗೆ ಹೋಗಬಹುದು. ತನ್ನದೆನ್ನುವ ಒಂದು ಫೋನ್ ನಂಬರ್ ಮಾತ್ರ ಇರಬಾರದು! ಇದಕ್ಕೆ ಯಾರೂ ಅನ್ಯಾಯ ಅನ್ನುವುದಿಲ್ಲ. ಮರ್ಯಾದೆ ಅನ್ನುತ್ತಾರೆ.

"ಹಾಕ್ರಿ ಚಾಚಾ," ಅಂದಳು ಭುವನೇಶ್ವರಿ. ಅವನ ಕಡೆ ನೋಡದೆ.

ಹಾಗೆ ಶುರುವಾಯಿತು ಅದು.

ಆಮೇಲೆ ದಾಖಲೆ ಹಾಕಲು, ಕಾಲೇಜುಗಳ ಹೆಸರು ಆರಿಸಲು, ಪ್ರತಿ ಸಲವೂ ಒಟಿಪಿ ಬೇಕು. ಅವನು ಊರಿಗೆ ಹೋಗಿದ್ದ. ಚಾಚಾ ಸೆಂಟರಿನಿಂದ ಫೋನ್ ಹಚ್ಚಿ ಅವಳ ಕೈಗೆ ಕೊಡುತ್ತಿದ್ದ. ಅಫಜಲಪುರದಿಂದ ಆ ದನಿ ಒಂದೊಂದೇ ಅಂಕಿ ಹೇಳುತ್ತಿತ್ತು. ಅವಸರವಿಲ್ಲ. ಪುಟ್ಟ ಮಗುವಿನ ಕೈ ಹಿಡಿದು ಮೆಟ್ಟಿಲು ಇಳಿಸಿದ ಹಾಗೆ.

"ಮತ್ತ... ಆರಾಮ ಅದೀರಿ?"

"ಹೂಂ ರಿ. ನೀವು?"

"ಅದೇನಿ."

ಇಷ್ಟೇ. ಇದಕ್ಕಿಂತ ಹೆಚ್ಚು ಮಾತಾಡಿದರೆ ಚಾಚಾ ಕೆಮ್ಮುತ್ತಿದ್ದ. ಆದರೂ ಬಸ್ಸಿನಲ್ಲಿ ಊರಿಗೆ ಮರಳುವಾಗ ಭುವನೇಶ್ವರಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. 'ಅಂಕಿ ಹೇಳಿದ್ದಕ್ಕ ಇಷ್ಟು ಖುಷಿ ಯಾಕ ನಿಂಗ? ನಾಚಿಕಿ ಇಲ್ಲೇನು?'

ಮನೆಯಲ್ಲಿ ಅಪ್ಪ ದೌಲತರಾಯ ಒಂದೇ ಮಾತು ಹೇಳಿದ್ದ. "ಸರ್ಕಾರಿ ಸೀಟು ಬಂದ್ರ ಓದು. ಬರ್ಲಿಲ್ಲಂದ್ರ ಇಜೇರಿ ಊರಿನ ಮಂದಿಗಿ ಹೆಣ್ಣು ನೋಡ್ಲಾಕ ಬರ್ರಿ ಅಂತೇನಿ. ಅವರು ದೊಡ್ಡ ಒಕ್ಕಲುತನದವರು, ಹುಡುಗನೂ ಛಲೋ ಅದಾನ."

ಫಲಿತಾಂಶ ಸೋಮವಾರ ಅಂದರು. ಬರಲಿಲ್ಲ. ತಾಂತ್ರಿಕ ಕಾರಣ. ಮುಂದಿನ ವಾರ ಅಂದರು. ಮತ್ತೆ ತಾಂತ್ರಿಕ ಕಾರಣ! ಎಲ್ಲೋ ದೂರದ ಒಂದು ಕೋಣೆಯಲ್ಲಿ ಯಾರೋ ಒಬ್ಬರು ಒಂದು ಸಾಲು ಬರೆದು ಊಟಕ್ಕೆ ಏಳುತ್ತಾರೆ. ಇಲ್ಲಿ ಮೂರು ತಾಲೂಕಿನ ಹೆಣ್ಣುಮಕ್ಕಳ ಕುತ್ತಿಗೆ ಹಗ್ಗದಲ್ಲಿ ಹಾಗೆಯೇ ನೇತಾಡುತ್ತದೆ.

ಫಲಿತಾಂಶ ನೋಡಲು ಮೂರನೆಯ ಸಲ ಆಳಂದಕ್ಕೆ ಹೊರಟಾಗ ಶಿವರಾಯ ಬಾಗಿಲಿಗೆ ಅಡ್ಡ ನಿಂತ. "ದಿನಾ ಬಸ್ ಹತ್ತಿ ಹೋಗ್ಲಾಕ ಆ ಸೆಂಟರ್ ನಿನ್ನ ಸ್ವಾದರಮಾವನ ಮನಿ ಏನ್ ಬೇ? ಕೂಡು ಸುಮ್ನ."

ಅಂದು ಹೊರಡುವುದು ತಪ್ಪಿತು. ಆದರೆ ಹಿಂದಿನ ಸಲವೇ ಅವಳು ಮಹೇಶಕುಮಾರನ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದಳು. ಬಾಜೂ ಮನೆಯ ಗಂಗಾಬಾಯಿ ಕಾಕುವಿನ ಫೋನಿಗೆ ಮಿಸ್ ಕಾಲ್ ಕೊಡುವುದು. ಸೀಟು ಬಂದರೆ ಒಂದು. ಬರದಿದ್ದರೆ ಎರಡು.

"ಖರೇನ ಫೋನ್ ಮಾಡಬ್ಯಾಡ್ರಿ ಮತ್ತ," ಎಂದಿದ್ದಳು. "ಅಕಿ ಗಂಡ ಎತ್ತಿದ್ರ ಊರ ತುಂಬಾ ಡಂಗುರ."

ಈ ಭಾಗದಲ್ಲಿ ಹೀಗೆಯೇ. ಬಸ್ಸು ಇಳಿದೆ, ಊಟಕ್ಕೆ ಬಾ, ಕೂಸು ಹುಟ್ಟಿತು... ಎಷ್ಟೋ ಸುದ್ದಿಗಳು ಎತ್ತದ ಫೋನಿನಲ್ಲೇ ಸಾಗುತ್ತವೆ. ಹೆಣ್ಣಿನ ದನಿ ಕೇಳಿಸಬಾರದ ಮನೆಗಳಲ್ಲಿ ಅದೇ ಅವಳ ಭಾಷೆ.

ಗುರುವಾರ ಮಧ್ಯಾಹ್ನ ಗಂಗಾಬಾಯಿ ಗೋಡೆಯ ಮೇಲಿಂದ ಇಣುಕಿದಳು.

"ಭುವ್ವಿ! ಅಫಜಲಪುರದ್ದು ಬಂದಿತ್ತು ಬೇ."

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಎಷ್ಟು ಕಾಕು?"

ಗಂಗಾಬಾಯಿ ಫೋನು ತಿರುಗಿಸಿ ತೋರಿಸಿದಳು.

ಎರಡು.

ಭುವನೇಶ್ವರಿ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. ಇನ್ನೊಂದು ಬಡಿದಳು. ಮತ್ತೊಂದು. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿದರೆ ಬೇರೆಯವರ ಕಾಲು ಅನಿಸುತ್ತದಲ್ಲ, ಹಾಗೆ ಇಡೀ ಮೈ ಬೇರೆ ಯಾರದೋ ಆಗಿತ್ತು. ಸೀಟು ಬರಲಿಲ್ಲವೆಂದು ಸಂಜೆ ಅಪ್ಪನಿಗೆ ಹೇಳಿದಳು; ಇಜೇರಿಗೆ ಫೋನು ಹೋಯಿತು.

ಆದರೆ ಓದುಗರೇ, ಸೀಟು ಬಂದಿತ್ತು!

ತನ್ನ ಫೋನಿಗೆ ಬಂದ ಸಂದೇಶ ನೋಡಿ ಮಹೇಶಕುಮಾರ ಒಂದು ಮಿಸ್ ಕಾಲ್ ಕೊಡಹೋಗಿದ್ದ. ಅವನ ಕಿವಿಗೆ ರಿಂಗ್ ಕೇಳಿಸುವ ಮೊದಲೇ ಟವರ್ ಹೋಗಿ ಕಟ್ ಆಯಿತು. ಮುಟ್ಟಿಲ್ಲವೆಂದು ತಿಳಿದು ಮತ್ತೊಮ್ಮೆ ಕೊಟ್ಟ. ಎರಡೂ ಮುಟ್ಟಿದ್ದವು.

ಇನ್ನು ಅವಳು ಸೆಂಟರಿಗೆ ಬರುತ್ತಾಳೆ, ಒಪ್ಪಿಗೆ ಕೊಡಲು ಒಟಿಪಿ ಕೇಳುತ್ತಾಳೆ ಎಂದು ಅವನು ಕಾದ. ಶನಿವಾರ ಸಂಜೆ ಐದರೊಳಗೆ ಒಪ್ಪಿಗೆ ಹಾಕದಿದ್ದರೆ ಸೀಟು ಇನ್ನೊಬ್ಬರಿಗೆ. ಶುಕ್ರವಾರ ಮುಗಿಯಿತು. ಫೋನು ಬರಲಿಲ್ಲ. ತಾನೇ ಚಾಚಾಗೆ ಹಚ್ಚಿದ.

"ಆ ಹುಡುಗಿ ಇತ್ತ ಹಾದೇ ಇಲ್ಲ ಬೇಟಾ," ಚಾಚಾ ತಡೆದು ಹೇಳಿದ. "ಅವರಣ್ಣ ಸಿಕ್ಕಿದ್ದ... ನಾಳಿಗಿ ಇಜೇರಿ ಮಂದಿ ಹೆಣ್ಣು ನೋಡ್ಲಾಕ ಬರ್ತಾರಂತ."

'ಹಂಗಾದ್ರ ಅವರಿಗೇ ಬ್ಯಾಡಾಗ್ಯಾದ,' ಎಂದುಕೊಂಡ ಮಹೇಶಕುಮಾರ. 'ಸೀಟೂ ಬ್ಯಾಡ. ನಾನೂ...' ಮುಂದೆ ಯೋಚಿಸಲು ತನಗೇನು ಹಕ್ಕಿದೆ ಎಂದು ಅವನಿಗೇ ತಿಳಿಯಲಿಲ್ಲ.

ಶನಿವಾರ ಸುಮಿತ್ರಾಬಾಯಿ ಮಗಳಿಗೆ ಇಳಕಲ್ ಸೀರೆ ಉಡಿಸಿದಳು. ನೆರಿಗೆ ಹಿಡಿಯುವಾಗ ಮಗಳ ಮುಖ ನೋಡಿದಳು.

"ಒಂದಿಷ್ಟು ನಗು ಬೇ ಯವ್ವಾ. ಸತ್ತ ಮನ್ಯಾಗ ನಿಂತಂಗ ನಿಂತಿ."

"ಹೂಂ," ಅಂದಳು ಭುವನೇಶ್ವರಿ. ನಕ್ಕಳು ಕೂಡ. ತುಟಿಗೆ ಹೇಳಿದರೆ ಅವು ಕೇಳುತ್ತಿದ್ದವು.

ಹೊರಗೆ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಇಜೇರಿಯವರು ಸಾಲಾಗಿ ಕೂತಿದ್ದರು. ಆಗ ಬಾಗಿಲಲ್ಲಿ, ಊರಲ್ಲಿ ಮನೆ ಕೇಳುತ್ತ ಬಂದ, ಬೆವರಿ ಒದ್ದೆಯಾದ ಅಂಗಿಯ ಮಹೇಶಕುಮಾರ ಕಾಣಿಸಿಕೊಂಡ.

"ಬರ್ರಿ ಬರ್ರಿ, ಹಿಂದುಳಿದ್ರೇನು?" ದೌಲತರಾಯ ಅವನನ್ನೂ ವರನ ಕಡೆಯವನೆಂದೇ ತಿಳಿದ.

"ಅಲ್ರಿ, ನಾನು..."

"ಮೊದಲು ಕೂಡ್ರಿ. ಮಾತು ಆಮ್ಯಾಲ." ಕೈಗೆ ಸುಸಲಾ, ಭಜಿಯ ತಾಟು ಬಂತು. ಇಜೇರಿಯವರು ಅವನು ಹೆಣ್ಣಿನ ಕಡೆಯವನೆಂದು ತಿಳಿದು ಜಾಗ ಮಾಡಿಕೊಟ್ಟರು. ಯಾರ ಕಡೆಗೂ ಸೇರದವನು ಮದುಮಗನ ಪಕ್ಕದಲ್ಲೇ ಕೂತ!

ಚಹಾದ ತಾಟು ಹಿಡಿದು ಭುವನೇಶ್ವರಿ ಹೊರಬಂದಳು.

"ರೊಟ್ಟಿ ಬಡೀಲಾಕ ಬರ್ತದೇನವಾ?" ವರನ ಕಾಕಾ ಮೀಸೆ ಒರೆಸಿಕೊಂಡ.

"ಬರ್ತದ್ರಿ."

"ಒಂದಿಷ್ಟು ಅತ್ತ ನಡದು ತೋರಿಸು."

ನಡೆದಳು. ಜವಾರಿ ಎಮ್ಮೆಯನ್ನೂ ಸಂತೆಯಲ್ಲಿ ಹೀಗೆಯೇ ನಡೆಸುತ್ತಾರೆ, ಆದರೆ ಎಮ್ಮೆ ಒಮ್ಮೆಯಾದರೂ ಒದೆಯುತ್ತದೆ. ಅವಳಿಗೆ ಅದೂ ಅನಿಸಲಿಲ್ಲ. ತಿರುಗಿ ಬಂದು ಒಬ್ಬೊಬ್ಬರಿಗೇ ಕಪ್ಪು ಕೊಡುತ್ತ ಸಾಲಿನ ಕೊನೆಗೆ ಬಗ್ಗಿದಳು.

"ನಂಗ ಛಾ ಬ್ಯಾಡ್ರಿ."

ಆ ದನಿ!

ಅವಳು ತಲೆ ಎತ್ತಿದಳು.

ಮಹೇಶಕುಮಾರ ಎದ್ದು ನಿಂತಿದ್ದ. "ಸೀಟು ಬ್ಯಾಡ ಅನ್ನೋದಾದ್ರ ನಿಮ್ಮ ಬಾಯಿಲೇ ಕೇಳಿ ಹೋಗ್ತೇನಿ. ಇವತ್ತು ಐದಕ್ಕ ಮುಗೀತದ."

"ಯಾವ ಸೀಟು?" ಅವಳ ದನಿ ಸಪಾಟಾಗಿತ್ತು. "ನೀವೇ ಎರಡು ಮಿಸ್ ಕಾಲ್ ಕೊಟ್ರಿ."

"ಎರಡಾ?" ಅವನ ಮುಖ ಬಿಳುಚಿತು. "ಮೊದಲ್ನೇದು ಟವರ್ ಹೋಗಿ ಕಟ್ ಆಯ್ತ್ರಿ! ಮುಟ್ಟಿಲ್ಲ ಅಂತ ಮತ್ತೊಂದು... ಭುವನೇಶ್ವರಿ, ಸೀಟು ಬಂದದ! ಕಲಬುರಗಿ. ಸರ್ಕಾರಿ!"

ಇಜೇರಿಯವರ ಕತ್ತುಗಳೆಲ್ಲ ಒಟ್ಟಿಗೆ ಅವನತ್ತ ಹೊರಳಿದವು.

ಜೋಮು ಬಿಡುವಾಗ ನೋಯುತ್ತದೆ. ಮೊದಲು ಬೆರಳ ತುದಿ ಚುಚ್ಚಿತು. ಆಮೇಲೆ ಎರಡು ದಿನದಿಂದ ಎಲ್ಲೋ ನಿಂತಿದ್ದ ಅಳು, ಸಿಟ್ಟು, ಆಸೆ ಎಲ್ಲ ಒಮ್ಮೆಲೇ ನುಗ್ಗಿ ಬಂದವು. ತಾಟು ಕೆಳಗಿಟ್ಟಳು.

"ಲೇ, ಯಾರಲೇ ನೀ?" ಶಿವರಾಯ ಅವನ ಕೊರಳಪಟ್ಟಿಗೆ ಕೈ ಹಾಕಿದ.

"ಬಿಡು ಅಣ್ಣಾ!" ಆ ಮನೆಯಲ್ಲಿ ಅವಳ ದನಿ ಅಷ್ಟು ಎತ್ತರಕ್ಕೆ ಎಂದೂ ಹೋಗಿರಲಿಲ್ಲ. "ನೀ ಫೋನ್ ಕೊಟ್ಟಿದ್ರ ಇವರು ಯಾರಂತ ನಂಗೂ ಗೊತ್ತಾಗ್ತಿರ್ಲಿಲ್ಲ. ನೀ ಕೊಡ್ಲಿಲ್ಲ. ಇವರು ಕೊಟ್ರು. ಅಷ್ಟ!"

ಅಪ್ಪನ ಕಡೆ ತಿರುಗಿದಳು.

"ನುಡಿದಂಗ ನಡೀಬೇಕು ಅಂತ ದಿನಾ ಪೂಜಿ ಮುಗಿಸಿ ನಮಗ ಹೇಳ್ತಿ. ಸೀಟು ಬಂದ್ರ ಓದು ಅಂದಿದ್ದಿ. ಬಂದದ ಅಪ್ಪಾ. ಈಗ ನಡಿ."

ದೌಲತರಾಯ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡ. ಬೀಗರಾಗಬೇಕಿದ್ದವರನ್ನು ನೋಡಿದ. ಮಗಳನ್ನು ನೋಡಿದ.

"ಇಲ್ಲಿ ಟವರ್ ಸಿಗಂಗಿಲ್ಲ," ಎಂದ ಕೊನೆಗೆ. "ಮಾಳಿಗಿ ಮ್ಯಾಲ ಹೋಗು. ಶಿವರಾಯಾ, ನಿಚ್ಚಣಿಕಿ ಹಚ್ಚು."

"ಅಪ್ಪಾ!"

"ಹಚ್ಚಂದ್ರ ಹಚ್ಚು!"

ಇಳಕಲ್ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ ಅವಳು ನಿಚ್ಚಣಿಕೆ ಏರಿದಳು. ಹಿಂದೆ ಅವನು. ಕೆಳಗೆ ಅಂಗಳದಲ್ಲಿ ಎರಡೂ ಕಡೆಯ ಮಂದಿ ಕತ್ತೆತ್ತಿ ನಿಂತರು. ಒಟಿಪಿ ಬಂತು. ಮಹೇಶಕುಮಾರ ಓದಲಿಲ್ಲ. ಫೋನನ್ನೇ ಅವಳ ಅಂಗೈಯಲ್ಲಿಟ್ಟ.

"ಒತ್ತೋದು ನೀವು."

ಒತ್ತಿದಳು. ಬಿಳಿ ಪರದೆಯಲ್ಲಿ ಚಕ್ರ ಸುತ್ತಿತು... ಸುತ್ತಿತು... ಹಸಿರಾಯಿತು.

"ಆಯ್ತು ಅಪ್ಪಾ!" ಮಾಳಿಗೆಯಿಂದ ಕೂಗಿದಳು. ಕೂಗುತ್ತಲೇ ಅತ್ತಳು.

"ಇದೇನು ಮನಿಯೋ ನಾಟಕ ಕಂಪನಿಯೋ!" ವರನ ಕಾಕಾ ಧೋತರ ಝಾಡಿಸಿ ಎದ್ದ.

"ಇರ್ಲಿ ಬಿಡ್ರಿ ಕಾಕಾ," ಮೊದಲ ಸಲ ಬಾಯಿ ಬಿಟ್ಟ ಮದುಮಗ, ಮತ್ತೊಂದು ಭಜಿ ಎತ್ತಿಕೊಂಡ. "ನಾವೂ ಅಕಿ ಮನಸ್ಸು ಕೇಳ್ದೇ ಬಂದಿದ್ವಿ. ಅಕಿಗಿ ಯಾರು ಕೇಳಿದ್ರು?"

ಸೋಮವಾರ ದಾಖಲೆ ತೋರಿಸಲು ಕಲಬುರಗಿಗೆ ಹೋಗಬೇಕಿತ್ತು. ದೌಲತರಾಯ ತಾನೇ ಮಗಳ ಜೊತೆ ಹೊರಟ. ಆಳಂದದಲ್ಲಿ ಬಸ್ಸು ನಿಂತಾಗ ಒಟಿಪಿ ಬರುವ ಫೋನು ಹಿಡಿದು ಮಹೇಶಕುಮಾರ ಹತ್ತಿದ. ಅವನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ ದೌಲತರಾಯ, "ಗಾಳಿ ಬೇಕು ನಂಗ," ಎಂದು ಎದ್ದು ಮುಂದಿನ ಕಿಟಕಿಯ ಸೀಟಿಗೆ ಹೋಗಿ ಕೂತ. ಆಮೇಲೆ ತಿರುಗದೆ ಹೇಳಿದ, "ಮೊದಲು ಓದು. ಉಳಿದದ್ದು ಆಮ್ಯಾಲ ನೋಡೋಣ."

ಖಾಲಿಯಾದ ಜಾಗದಲ್ಲಿ ಮಹೇಶಕುಮಾರ ಅವಳ ಪಕ್ಕ ಕೂತ.

"ನಿಮ್ಮ ಅರ್ಜಿ ಏನಾಯ್ತು?" ಕೇಳಿದಳು. ಇಷ್ಟು ದಿನ ಅದನ್ನು ಕೇಳಿಯೇ ಇರಲಿಲ್ಲವೆಂದು ಆಗ ಹೊಳೆದು ನಾಚಿಕೆಯಾಯಿತು.

"ಸಿಗ್ಲಿಲ್ರಿ."

"ಮತ್ತ ಅವತ್ತು ಅಷ್ಟು ಖುಷಿಲೇ ಒದರಿದ್ರಿ?"

"ನಿಮಗ ಸಿಕ್ಕಿತ್ತಲ್ರಿ."

ಅವಳು ಕಿಟಕಿಯ ಕಡೆ ತಿರುಗಿದಳು. ತೊಗರಿ ಹೊಲಗಳು ಓಡುತ್ತಿದ್ದವು, ಕಣ್ಣೀರಿನಲ್ಲಿ ಕಲಸಿಹೋಗಿ.

"ಒಂದು ಮಾತು ಕೇಳ್ಲಿ? ಇಷ್ಟು ಸಲ ಫೋನಿನ್ಯಾಗ ಮಾತಾಡಿದ್ರಿ. ಮನಸಿನ್ಯಾಗಿಂದು ಒಂದು ಸಲನೂ ಯಾಕ ಹೇಳ್ಲಿಲ್ಲ?"

"ಸೀಟಿನ ಚಿಂತಿಯಾಗ ಇದ್ರಿ. ಅದರ ಮ್ಯಾಲ ನಂದೊಂದು ಭಾರ ಯಾಕ ಅಂತ..."

"ಈಗ ಹೇಳ್ರಿ."

"ಇಲ್ಲೇ? ಬಸ್ ತುಂಬ ಮಂದಿ ಅದಾರ್ರಿ!"

"ಹೇಳ್ರಿ."

ಅವನ ಕಿವಿ ಕೆಂಪಾಯಿತು. "ನೀವಂದ್ರ ನಂಗ ಜೀವ," ಎಂದ, ಬಹಳ ಮೆಲ್ಲಗೆ. "ಎರಡು ವರ್ಷ ಓದ್ರಿ. ನಾ ಕಾಯ್ತೇನಿ."

ಭುವನೇಶ್ವರಿ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ. ಕಾಯೋದು ಮನುಷ್ಯಾರ್ನ ಏನ್ ಮಾಡ್ತದ ಅಂತ ನಂಗ ಗೊತ್ತದ. ನಿಮಗ ಅದು ಬ್ಯಾಡ."

"ಮತ್ತ... ಏನ್ ಮಾಡ್ಲಿ?"

ಸೀಟಿನ ಮೇಲಿದ್ದ ಅವನ ಕೈಯ ಮೇಲೆ ಅವಳು ತನ್ನ ಕೈ ಇಟ್ಟಳು. ಬೆಚ್ಚಗಿತ್ತು. ಅದು ಅವಳಿಗೆ ಗೊತ್ತಾಯಿತು.

"ಇನ್ನೊಂದು ಸುತ್ತು ಅರ್ಜಿ ಕರೀತಾರಂತ. ಹಾಕ್ರಿ. ಸಿಗ್ಲಿಲ್ಲಂದ್ರ ಮುಂದಿನ ವರ್ಷನೂ ಹಾಕ್ರಿ. ಕಾಯಬ್ಯಾಡ್ರಿ... ನನ್ನ ಜೊತಿಗಿ ಬರ್ರಿ."

"ಬರ್ತೇನಿ," ಅಂದ ಅವನು.