ಸೋನುಬಾಯಿಯನ್ನು ಒಳಗೆ ಕರೆದ ಸ್ಪೀಕರ್

ದೆವ್ವ ಅಂದರೆ ನನಗೆ ನಗು. ನಾಟಕದವನು ನಾನು; ಬೇಕಾದರೆ ನೀವೇ ಎದುರಿಗೆ ನಿಲ್ಲಿ, ಒಂದೇ ಡೈಲಾಗಿಗೆ ಬೆವರಿಳಿಸುತ್ತೇನೆ. ಆದರೆ 1985ರಲ್ಲಿ, ಒಂದು ರವಿವಾರ ಸಂಜೆ, ಬಸವಕಲ್ಯಾಣದ ನಮ್ಮ ಮಹಾರುದ್ರಪ್ಪ ಕಾಕಾನ ಮನೆಯಲ್ಲಿ ನನಗೇ ಬೆವರಿಳಿಯಿತು.

ಸಿನಿಮಾದ ನಡುವೆ ಟಿ.ವಿ. ತುಂಬ ಚುಕ್ಕಿ. ಅದಕ್ಕೆ ಜೋಡಿಸಲು ಹುಮನಾಬಾದಿನಿಂದ ನಾನೇ ಆರಿಸಿ ತಂದಿದ್ದ ಎರಡು ಪುಟ್ಟ ಸ್ಪೀಕರ್‌ಗಳಲ್ಲಿ ಬರೀ ಭುಸ್ ಸದ್ದು. ಹೊಸ್ತಿಲಾಚೆ ನಿಂತು ನೋಡುತ್ತಿದ್ದ ಕಸಮುಸುರೆಯ ಸೋನುಬಾಯಿಯ ಮೇಲೆ ಕಾಕಾ ಹರಿಹಾಯ್ದ.

"ನೀ ಇಣುಕಿದ್ದಕ್ಕೇ ಕೆಟ್ಟದ. ನಾಳಿಂದ ಕೆಲಸಕ್ಕ ಬರಬ್ಯಾಡ."

"ನನ್ನ ಕಣ್ಣಾಗ ಕರೆಂಟ್ ಅದ ಏನ್ರಿ, ಸಾವ್ಕಾರ್ರೆ?"

ಕಾಕಾ ಸಿಟ್ಟಿಗೆ ಟಿ.ವಿ.ಯ ಪ್ಲಗ್ಗನ್ನೇ ಕಿತ್ತ. ಚುಕ್ಕಿ ಆರಿದವು, ಭುಸ್ ಸದ್ದು ಆರಲಿಲ್ಲ. ಸ್ಪೀಕರ್ ಮುಟ್ಟಿದರೆ ಕೊಡದ ನೀರಿನಷ್ಟು ತಣ್ಣಗಿತ್ತು. ಹಿಂದಿನ ವರ್ಷ ತೀರಿಕೊಂಡಿದ್ದ ಭಾಗಮ್ಮ ಕಾಕಿಯ ದನಿ ಅದರೊಳಗಿಂದ ಬಂತು: "ಸೋನು, ಹೊರಗ ಯಾಕ ನಿಂತಿ? ಒಳಗ ಬಂದು ಕುಂದ್ರು." ಮತ್ತೆ ಅದೇ ಮಾತು. ಮತ್ತೆ ಅದೇ.

"ನಿಂದೇ ನಾಟಕ ಅದಲೇ," ಎಂದು ಕಾಕಾ ನನ್ನ ಕೊರಳಪಟ್ಟಿ ಹಿಡಿದ.

ಖರೆ ಹೇಳಿಬಿಡುತ್ತೇನೆ. ತಮಾಷೆಗೆಂದು ಮಾಳಿಗೆ ಮೇಲೆ ಹೋಗಿ ಆಂಟೆನಾ ತಂತಿ ಕಿತ್ತು ಬಂದವನು ನಾನೇ. ಅದಕ್ಕೆ ಸೋನುಬಾಯಿ ಬೈಸಿಕೊಳ್ಳುವಾಗ ಬಾಯಿ ಮುಚ್ಚಿಕೊಂಡ ಹೇಡಿಯೂ ನಾನೇ. ನನ್ನ ಮೇಲೆ ನನಗೇ ಇರುವ ಆ ಸಿಟ್ಟು ಇನ್ನೂ ಆರಿಲ್ಲ. ಆದರೆ ಕಾಕಿಯ ದನಿ ನನ್ನ ನಾಟಕವಲ್ಲ; ಪ್ಲಗ್ ಕಾಕಾನ ಕೈಯಲ್ಲಿತ್ತು. ಸೋನುಬಾಯಿ ಒಳಗೆ ಬಂದು ಕುಳಿತ ಮೇಲೆಯೇ ಆ ದನಿ ನಿಂತಿತು.