ಗೋಡೆಯ ಮೇಲಿಲ್ಲದವಳು

ಫೋಟೋಗಳಲ್ಲಿ ಎಲ್ಲರೂ ಇದ್ದರು, ಶಿವಾನಿಯೊಬ್ಬಳನ್ನು ಬಿಟ್ಟು.

ಶಹಾಪುರದ ಬಸ್‌ಸ್ಟ್ಯಾಂಡ್ ಹಿಂದಿನ ಹಜರಾಬೀಯ ಚಹಾದ ಹೋಟೆಲಿನಲ್ಲಿ, ಟಿವಿಯ ಪಕ್ಕದ ಗೋಡೆಗೆ ರಾಮಲಿಂಗ ಆಗಷ್ಟೇ ತಾನು ತೆಗೆದ ಫೋಟೋಗಳನ್ನು ಅಂಟಿಸಿ ಸ್ಟೂಲಿನಿಂದ ಇಳಿದಿದ್ದ. ಕತಾರಿನಲ್ಲಿ ವರ್ಲ್ಡ್ ಕಪ್ ಶುರುವಾದ ವಾರ. ಕಳೆದ ನಾಲ್ಕು ವರ್ಷ ಇದೇ ಬೆಂಚುಗಳ ಮೇಲೆ ಕೂತು ನೋಡಿದ ಮ್ಯಾಚುಗಳ ನೆನಪು ಅವು. ಒಂದರಲ್ಲಿ ಹಜರಾಬೀ ಕೈಯಲ್ಲಿ ಕೆಟಲಿ ಹಿಡಿದು, ಬಾಯಿ ತೆರೆದುಕೊಂಡೇ ಟಿವಿ ನೋಡುತ್ತಿದ್ದಳು. ಇನ್ನೊಂದರಲ್ಲಿ ಯಾದಗಿರಿಯಿಂದ ಪ್ರತಿ ಮ್ಯಾಚಿಗೂ ಬರುವ ಹಣಮೇಶ ಬೆಂಚು ಹತ್ತಿ ಕುಣಿಯುತ್ತಿದ್ದ. ಶಿವಾನಿಯ ಅಣ್ಣ ಸುನೀಲಕುಮಾರನಂತೂ ಎಲ್ಲ ಕಡೆ ಇದ್ದ, ಒಂದರಲ್ಲಿ ಅಳುತ್ತ, ಒಂದರಲ್ಲಿ ನಗುತ್ತ.

ಶಿವಾನಿ ಆ ತುದಿಯಿಂದ ಈ ತುದಿಯವರೆಗೆ ತನ್ನನ್ನು ಹುಡುಕಿದಳು. ಅಣ್ಣನ ಪಕ್ಕದಲ್ಲಿ ಒಂದು ಮೊಣಕೈ ಕಂಡಿತು. ಇನ್ನೊಂದರ ಅಂಚಿನಲ್ಲಿ ಹಸಿರು ದುಪಟ್ಟಾದ ತುದಿ. ಅಷ್ಟೇ.

“ಸರ್ವೇಯರ್ ಸಾಹೇಬ್ರ,” ಎಂದು ಕರೆದಳು. ಹಣಮೇಶ ಅವಳಿಗೆ ಹಣಮೇಶಣ್ಣ. ರಾಮಲಿಂಗನನ್ನು ಮಾತ್ರ ಯಾಕೋ ಒಮ್ಮೆಯೂ ಅಣ್ಣ ಎಂದಿರಲಿಲ್ಲ. “ಈ ಮೊಳಕೈ ಯಾರದ್ರಿ?”

ರಾಮಲಿಂಗ ಬಗ್ಗಿ ನೋಡಿದ. “ನಿಮ್ದರಿ, ಟೀಚರ್.”

“ಈ ದುಪಟ್ಟಾ?”

“ಅದೂ ನಿಮ್ದ.”

“ಹಂಗಾರ ಉಳಿದಾಕಿ ಎಲ್ಲಿ ಹೋಗ್ಯಾಳ್ರಿ?”

ಹಣಮೇಶ ಗೊಳ್ಳೆಂದು ನಕ್ಕ. ರಾಮಲಿಂಗ ನಗಲಿಲ್ಲ. ಕಿವಿಯವರೆಗೆ ಕೆಂಪಾಗಿ, ಹಳೇ ಟೇಪಿನ ಚೂರನ್ನು ಬೆರಳಿಗೆ ಸುತ್ತುತ್ತ ನಿಂತ. “ಫ್ರೇಮಿನ್ಯಾಗ ಬರಲಿಲ್ರಿ,” ಎಂದ.

“ಹಜರಾಬೀ ಅಮ್ಮನ ಬೆಕ್ಕು ಬಂದದ. ನಾ ಬರಲಿಲ್ಲ.”

ನಗುತ್ತಲೇ ಅಂದಳು. ಆದರೆ ಬೆಂಚಿಗೆ ಬಂದು ಕೂತ ಮೇಲೂ ಕಣ್ಣು ಮತ್ತೆ ಮತ್ತೆ ಆ ಮೊಣಕೈಯತ್ತ ಹೋಯಿತು.

ಸುನೀಲ, ರಾಮಲಿಂಗ ಕಲಬುರಗಿಯ ಹಾಸ್ಟೆಲಿನಲ್ಲಿ ದೋಸ್ತರಾದವರು. ಅಲ್ಲಿದ್ದ ಒಂದೇ ಟಿವಿಯ ಮುಂದೆ ಎಲ್ಲರೂ ಕ್ರಿಕೆಟ್ ಹಚ್ಚು ಎಂದು ಕೂಗುವಾಗ, ಇವರಿಬ್ಬರೇ ಫುಟ್‌ಬಾಲ್ ಹಚ್ಚು ಎಂದು ಕೂಗುತ್ತಿದ್ದರು. ಸುನೀಲ ಅರ್ಜೆಂಟೀನಾ, ರಾಮಲಿಂಗ ಬ್ರೆಜಿಲ್. ಜಗಳವಾಡಲು ಅಷ್ಟು ಸಾಕಿತ್ತು, ಜೀವದ ಗೆಳೆಯರಾಗಲೂ. ಈಗ ಸುನೀಲನಿಗೆ ಶಹಾಪುರದಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ರಾಮಲಿಂಗ ಸುರಪುರದಲ್ಲಿ ಸರ್ವೇಯರ್. ಊರು ಬೇರೆಯಾದರೂ ದೊಡ್ಡ ಮ್ಯಾಚನ್ನು ಬೇರೆ ಬೇರೆ ಕೂತು ನೋಡಿದವರಲ್ಲ.

ಅಣ್ಣನ ಜೊತೆ ಮನೆಯಲ್ಲಿ ಫುಟ್‌ಬಾಲ್ ನೋಡುತ್ತಲೇ ಬೆಳೆದ ಶಿವಾನಿ, ಸಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದ ವರ್ಷದಿಂದ ತಾನೂ ಈ ಬೆಂಚಿಗೆ ಬಂದಳು. ಮೊದಮೊದಲು ಹೋಟೆಲಿನ ಗಂಡಸರು ತಿರುತಿರುಗಿ ನೋಡಿದರು. ಆಫ್‌ಸೈಡಿನ ವಾದದಲ್ಲಿ ಅವಳು ಹಣಮೇಶನ ಬಾಯಿ ಮುಚ್ಚಿಸಿದ ಮೇಲೆ ನೋಡುವುದನ್ನು ಬಿಟ್ಟರು.

ಅವತ್ತು ಅರ್ಜೆಂಟೀನಾ ಸೌದಿಯವರ ಎದುರು ಸೋತಿತು. ಸುನೀಲ ತಲೆಯ ಮೇಲೆ ಟವೆಲ್ ಹೊದ್ದು ಕೂತುಬಿಟ್ಟ. ಅರ್ಧ ದಿನ ರಜೆ ಹಾಕಿ ಬಂದಿದ್ದ ಶಿವಾನಿಯ ಕಣ್ಣಂಚಿನಲ್ಲಿ ನೀರು. ಅದು ಸೋಲಿನದೋ ಆ ಮೊಣಕೈಯದೋ ಅವಳಿಗೇ ತಿಳಿಯಲಿಲ್ಲ.

ಎದುರಿಗೆ ಒಂದು ಚಹಾ ಬಂತು. ತಂದವನು ರಾಮಲಿಂಗ.

“ಬ್ರೆಜಿಲ್‌ನವರ ಚಾ ನನಗ ಬ್ಯಾಡ್ರಿ.”

“ಚಾ ಹಜರಾಬೀ ಅಮ್ಮನದ್ರಿ. ನಾ ಬರೇ ತಂದೀನಿ.”

ಕುಡಿದಳು. ಸಕ್ಕರೆ ಹೆಚ್ಚು, ಶುಂಠಿ ಇಲ್ಲ. ಅವಳಿಗೆ ಬೇಕಾದಂತೆಯೇ ಇತ್ತು. ಗುಟುಕಿನ ನಡುವೆ ತಲೆ ಎತ್ತಿದಳು. ಅವನು ಆಗಲೇ ಟಿವಿಯತ್ತ ಮುಖ ತಿರುಗಿಸಿದ್ದ. ಟಿವಿಯಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು.

*

ರಾಮಲಿಂಗನಿಗೆ ಭಾನುವಾರವೆಂದರೆ ಕ್ಯಾಮೆರಾ. ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಮೇಲೆ ಬೀಳುವ ಮೊದಲ ಬಿಸಿಲು, ಹತ್ತಿ ಬಿಡಿಸುವ ಹೆಂಗಸರ ಉಡಿ, ಕೊಂಕಲ್ ಕಡೆಯ ಕರೀ ಹೊಲ, ಎಲ್ಲವನ್ನೂ ತೆಗೆಯುತ್ತಿದ್ದ. ಸುನೀಲ ಫೋಟೋ ತೆಗೆಯುವವನಲ್ಲ, ಜೊತೆಗೆ ಹೋಗಿ ಮರದ ಕೆಳಗೆ ಬುತ್ತಿ ಬಿಚ್ಚುವವನು.

ಆ ಭಾನುವಾರ ವನದುರ್ಗದ ಕೋಟೆಗೆ ಹೊರಟಾಗ ಶಿವಾನಿ, “ನಾನೂ ಬರ್ತೀನಿ,” ಎಂದು ಅಣ್ಣನ ಬೈಕಿನ ಹಿಂದೆ ಕೂತಳು. ಯಾಕೆಂದು ಅಣ್ಣ ಕೇಳಲಿಲ್ಲ.

ಕೋಟೆಯ ಮೇಲೆ ಗಾಳಿ ತಣ್ಣಗಿತ್ತು. ಕೆಳಗೆ ತೊಗರಿ ಹೂವಿನ ಹಳದಿ ದೂರದವರೆಗೆ ಹಾಸಿತ್ತು. ಯಾರದೋ ಟ್ರ್ಯಾಕ್ಟರ್ ಹೊಲದಲ್ಲಿ ಕೆಟ್ಟು ನಿಂತಿದೆಯೆಂದು ಫೋನ್ ಬಂದು, ಸುನೀಲ ಮಾತಾಡುತ್ತ ಮೆಟ್ಟಿಲಿಳಿದು ಹೋದ.

“ಖರೇ ಹೇಳ್ರಿ,” ಎಂದಳು ಶಿವಾನಿ. “ನನ್ನ ಫೋಟೋ ಯಾಕ ತೆಗಿಯಂಗಿಲ್ಲ ನೀವು? ನಾ ಅಲ್ಲಿ ಬರೂದು ನಿಮಗ ಸೇರಂಗಿಲ್ಲೇನು?”

ರಾಮಲಿಂಗ ಗಾಬರಿಯಾದ. “ಅಯ್ಯ, ಹಂಗಲ್ರಿ!”

“ಮತ್ತ ಹೆಂಗ್ರಿ?”

“ಬರಂಗಿಲ್ರಿ ಫೋಟೋ. ಕೆಡತದ.”

“ಈಗ ತೆಗೀರಿ. ಹೆಂಗ ಕೆಡತದ ನೋಡೂಣು.”

ಅವಳು ಬುರುಜಿನ ಕಲ್ಲಿಗೆ ಒರಗಿ ನಿಂತಳು. ಗಾಳಿಗೆ ಹಾರುವ ಕೂದಲನ್ನು ಕಿವಿಯ ಹಿಂದೆ ಸರಿಸಿ ನೇರ ಅವನನ್ನೇ ನೋಡಿದಳು. ಅವನು ಕ್ಯಾಮೆರಾ ಎತ್ತಿದ. ಇಳಿಸಿದ. ಉಸಿರು ಬಿಗಿಹಿಡಿದು ಮತ್ತೆ ಎತ್ತಿ ಬಟನ್ ಒತ್ತಿದ.

ಇಬ್ಬರೂ ಬಗ್ಗಿ ಪರದೆ ನೋಡಿದರು. ಬುರುಜು ಇತ್ತು, ಆಕಾಶ ಇತ್ತು, ಎರಡೂ ಅಲುಗಾಡಿದಂತಿದ್ದವು. ಅವಳ ಮುಖವಿರಬೇಕಾದಲ್ಲಿ ಒಂದು ಮಬ್ಬು ಬೆಳಕು.

“ಇನ್ನೊಂದು.”

ಇನ್ನೊಂದೂ ಹಾಗೇ.

“ಕೈ ನಡಗತಾವ್ರಿ,” ಎಂದ ಅವನು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ.

“ಹೊಲ ಅಳತಿ ಮಾಡೂ ಮುಂದನೂ ನಡಗತಾವೇನು?”

“ಹೊಲ ನನ್ನ ಕಡೆ ನೋಡಂಗಿಲ್ರಿ.”

ಶಿವಾನಿ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಮಾತಿನ ಅರ್ಥ ನಿಧಾನವಾಗಿ ಒಳಗಿಳಿಯಿತು, ಚಳಿಯಲ್ಲಿ ಕುಡಿದ ಬಿಸಿ ಹಾಲಿನ ಹಾಗೆ. ಬೆನ್ನು ತಿರುಗಿಸಿ ಓಡಬೇಕೆನಿಸಿತು. ಅಲ್ಲಿಯೇ ಇನ್ನೊಂದಿಷ್ಟು ಹೊತ್ತು ನಿಲ್ಲಬೇಕೆಂದೂ ಅನಿಸಿತು.

“ಕೊಡ್ರಿ ಇಲ್ಲೆ,” ಎಂದು ಕ್ಯಾಮೆರಾ ತೆಗೆದುಕೊಂಡಳು. “ನೀವು ನಿಲ್ರಿ. ನನ್ನ ಕೈ ಹೆಂಗದ ನೋಡೂಣು.”

ಅವಳ ಕೈ ನಡುಗಲಿಲ್ಲ. ಚಿತ್ರ ಸ್ಪಷ್ಟವಾಗಿ ಬಂತು. ಅದರಲ್ಲಿ ರಾಮಲಿಂಗ ನಗುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ, ಅಷ್ಟೇ. ತನ್ನನ್ನು ಒಬ್ಬರು ಹಾಗೆ ನೋಡಬಲ್ಲರೆಂದು ಶಿವಾನಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಮೆಟ್ಟಿಲಲ್ಲಿ ಸುನೀಲನ ಚಪ್ಪಲಿ ಸಪ್ಪಳವಾಯಿತು. ರಾಮಲಿಂಗ ಸಣ್ಣ ದನಿಯಲ್ಲಿ, “ಇದನ್ನ ಮರತಬಿಡ್ರಿ, ಟೀಚರ್. ಸುನೀಲ ನನ್ನ ಮ್ಯಾಲ ಭರೋಸಾ ಇಟ್ಟಾನ. ಮನಿಗೆ ಕರದು ಉಣಿಸ್ಯಾನ. ಅವನಿಗೆ ಮುಖ ಹೆಂಗ ತೋರಸಲಿ?” ಎಂದ.

ಶಿವಾನಿ ಕ್ಯಾಮೆರಾ ಅವನ ಕೈಗೆ ವಾಪಸ್ ಕೊಟ್ಟಳು. ಮರೆಯುವುದು ಆಗುವ ಕೆಲಸವಲ್ಲವೆಂದು ಮಾತ್ರ ಅವಳಿಗೆ ಗೊತ್ತಾಗಿತ್ತು.

*

ಮುಂದಿನ ಮ್ಯಾಚುಗಳಲ್ಲಿ ಅವರ ಮಾತು ಕಡಿಮೆಯಾಯಿತು, ನೋಟ ಹೆಚ್ಚಾಯಿತು. ಗೋಲಾದಾಗ ಎಲ್ಲರೂ ಟಿವಿಯತ್ತ ಕೈಯೆತ್ತಿ ಕೂಗುವಾಗ, ಎರಡು ಜೊತೆ ಕಣ್ಣು ಬೆಂಚಿನ ಆಚೆಯಿಂದ ಈಚೆಗೆ ಬಂದು ಹೋಗುತ್ತಿದ್ದವು. ಹಜರಾಬೀಗೆ ಎಲ್ಲ ಕಾಣುತ್ತಿತ್ತು. ಅವಳು ಕಪ್ಪು ತೊಳೆಯುತ್ತ ತನ್ನಷ್ಟಕ್ಕೇ ನಗುತ್ತಿದ್ದಳು.

ಕ್ವಾರ್ಟರ್ ಫೈನಲ್‌ನಲ್ಲಿ ಬ್ರೆಜಿಲ್ ಸೋತಿತು. ಮರುದಿನ ಬೆಳಿಗ್ಗೆ ಶಾಲೆಯ ಬೇವಿನ ಮರದ ಕೆಳಗೆ ನಿಂತು ಶಿವಾನಿ ಫೋನ್ ಮಾಡಿದಳು.

“ಚಾ ಕುಡದ್ರ್ಯಾ?”

“ಇಲ್ರಿ.”

“ನಾಷ್ಟಾ?”

“ಮನಸಿಲ್ರಿ.”

“ಕೇಳ್ರಿ. ನಿಮ್ಮ ಬ್ರೆಜಿಲ್ ಸೋತದ ಅಂತ ಕನಿಕರ ಬಂದು ಹೇಳಾಕತ್ತಿಲ್ಲ ಮತ್ತ. ಕೋಟಿ ಮ್ಯಾಲ ಮರತಬಿಡ್ರಿ ಅಂದ್ರಿ. ನಾ ಮರಿಯಂಗಿಲ್ಲ. ನನಗೂ ನೀವ ಬೇಕು.”

ಅವಳು ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

“ಅದೀರೇನ್ರಿ?”

“ಅದೀನ್ರಿ,” ಎಂದ ಅವನ ದನಿ ಒದ್ದೆಯಾಗಿತ್ತು. “ಸುನೀಲಗ ನಾನ ಹೇಳ್ತೀನಿ. ಬ್ಯಾರೆ ಯಾರ ಬಾಯಿಂದೂ ಅವ ಕೇಳಬಾರದು.”

ಅಂದೇ ಸಂಜೆ ಅಂಗಡಿಗೆ ಬಂದು ಹೇಳಿದ. ಸುನೀಲ ಎದುರಿಗಿದ್ದ ಬೇರಿಂಗನ್ನು ಒರೆಸುತ್ತಲೇ ಇದ್ದ. ಕೊನೆಗೆ, “ಗಿರಾಕಿ ಬಂದಾರ, ಹೋಗು,” ಎಂದನಂತೆ. ಅಂಗಡಿಯಲ್ಲಿ ಯಾವ ಗಿರಾಕಿಯೂ ಇರಲಿಲ್ಲ.

ಸೆಮಿಫೈನಲ್‌ಗೆ ಸುನೀಲ ಹೋಟೆಲಿಗೆ ಬರಲಿಲ್ಲ. ಅರ್ಜೆಂಟೀನಾ ಆಡುವಾಗ ಅವನ ಜಾಗ ಖಾಲಿ ಉಳಿದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ರಾಮಲಿಂಗನ ಫೋನನ್ನೂ ಅವನು ಎತ್ತಲಿಲ್ಲ.

ಮಾರನೇ ದಿನ ತಾಯಿ ಶೇಖಮ್ಮ ರೊಟ್ಟಿ ಬಡಿಯುತ್ತಿದ್ದಾಗ ಶಿವಾನಿ ಅಣ್ಣನ ಎದುರಿಗೆ ಬಂದು ಕೂತಳು.

“ಅಣ್ಣಾ, ಅವರ ಜಾತಿ ಬ್ಯಾರೆ ಅಂತ ಸಿಟ್ಟೇನು?”

“ನಾವು ಬುದ್ಧಗ ಕೈ ಮುಗಿಯೋ ಮಂದಿ. ನನ್ನ ಬಾಯಾಗ ಅಂಥಾ ಮಾತು ಬರತದೇನು?”

“ಮತ್ತ?”

ಸುನೀಲ ರೊಟ್ಟಿ ಮುರಿದ. ಬಾಯಿಗೆ ಇಡಲಿಲ್ಲ. “ನಾಳೆ ನೀವಿಬ್ಬರು ಜಗಳಾಡಿದ್ರ ನಾ ಯಾರ ಕಡೆ ಕುಂದರಲಿ? ನನಗ ಇರೂದು ಒಬ್ಬಾಕಿ ತಂಗಿ. ಒಬ್ಬ ದೋಸ್ತ. ಒಂದ ಸಲ ಎರಡೂ ಹೋದ್ರ?”

ಅವನ ಕಣ್ಣು ತುಂಬಿದ್ದನ್ನು ಕಂಡು ಶಿವಾನಿ ಅವನತ್ತ ಸರಿದು ಕೂತಳು. ಸಿಟ್ಟಿನ ಕೆಳಗೆ ಇಷ್ಟು ಹೆದರಿಕೆ ಇದ್ದೀತೆಂದು ಅವಳು ಎಣಿಸಿರಲಿಲ್ಲ.

“ಜಗಳಾಡ್ತೀವಿ,” ಎಂದಳು. “ಯಾರು ಆಡಂಗಿಲ್ಲ? ನೀನೂ ಅವರೂ ದಿನಾ ಆಡೀರಿ, ದೋಸ್ತಿ ಬಿಟ್ರೇನು? ನಮ್ಮ ಜಗಳ ನಿನ್ನ ತನಕ ಬರಂಗಿಲ್ಲ. ನೀ ಯಾರ ಕಡೆನೂ ಕುಂದರೂದು ಬ್ಯಾಡ. ಮಧ್ಯದಾಗ ಕುಂದರು, ಯಾವಾಗಲೂ ಕುಂತಂಗ.”

ಶೇಖಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ಹುಡುಗ ಭಾಳ ಛಲೋ ಅದಾನ. ಅವನ ಅವ್ವ ಏನಂತಾಳೋ ಕೇಳ್ರಿ ಮೊದಲ,” ಎಂದಳು.

ಸುನೀಲ ಎದ್ದು ಅಂಗಳಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಅವನು ಫೋನಿನಲ್ಲಿ ಬೈಯುವುದು ಕೇಳಿಸಿತು. “ಹುಚ್ಚಪ್ಯಾಲಿ, ಒಂದೊಂದು ಥ್ರೋಗೂ ನನಗ ಫೋನ್ ಮಾಡತಿದ್ದಿ. ಇದನ್ನ ಹೇಳಾಕ ಇಷ್ಟು ದಿನಾ ಬೇಕಾತೇನಲೇ? ಐತವಾರ ಅವ್ವನ ಕರಕೊಂಡು ಬಾ.”

ಒಳಗೆ ಶಿವಾನಿ ತಾಯಿಯ ಹೆಗಲಿಗೆ ಮುಖ ಒತ್ತಿ ನಕ್ಕಳು. ಸೆರಗೆಲ್ಲ ಒದ್ದೆಯಾಯಿತು.

*

ಭಾನುವಾರ ಫೈನಲ್. ಇಳಿಹೊತ್ತಿಗೆ ರಾಮಲಿಂಗನ ತಾಯಿ ಮಲ್ಲಾಬಾಯಿ ಮಗನ ಜೊತೆ ಸುರಪುರದ ಬಸ್ಸಿನಿಂದ ಇಳಿದು ಶಿವಾನಿಯ ಮನೆಗೆ ಬಂದಳು, ಹಣೆ ತುಂಬ ಕುಂಕುಮ, ಕೈಯಲ್ಲಿ ಪೇರಲ ಹಣ್ಣಿನ ಚೀಲ. ಗೋಡೆಯ ಮೇಲಿದ್ದ ಬುದ್ಧನ, ಬಾಬಾಸಾಹೇಬರ ಫೋಟೋ ನೋಡಿದಳು. ಶಿವಾನಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಆಕಿ ನಮ್ಮ ಮನಿ ದೇವರಿಗೆ ಕೈ ಮುಗೀಲಿ, ಬಿಡಲಿ, ಆಕಿ ಖುಷಿ,” ಎಂದಳು ಬೀಗತಿಯಾಗುವವಳಿಗೆ. “ನಮ್ಮ ಅಣ್ಣತಮ್ಮಂದಿರು ಏನೇನೋ ಅಂದರು. ನಾ ಎಲ್ಲಾ ಕೇಳಿಸಿಕೊಂಡು ಬಸ್ ಹತ್ತಿ ಬಂದೀನಿ. ನನ್ನ ಮಗ ಮನಿಗೆ ಬಂದ್ರ ಆ ಕ್ಯಾಮರಾ ಒರಸಕೋಂತ ಕುಂದರತಾನ. ಮನ್ಯಾಗ ಮಾತಾಡೋರು ಒಬ್ಬರು ಬರಲಿ.”

“ಲಗ್ನ ನಮ್ಮ ಪದ್ಧತಿಯಂಗ ಬುದ್ಧ ವಂದನಾ ಹೇಳಿ ಮಾಡೂದ್ರಿ,” ಎಂದಳು ಶೇಖಮ್ಮ ಮೆಲ್ಲಗೆ.

“ಮಾಡ್ರಿ. ಊಟಕ್ಕ ಹೋಳಿಗಿ ಇರಲಿ, ಅಷ್ಟ.”

ಮುಗಿದೇ ಹೋಯಿತು. ಶಿವಾನಿ ಬಾಗಿಲ ಮರೆಯಿಂದ ನೋಡಿದಳು. ರಾಮಲಿಂಗ ಬೆವರೊರೆಸಿಕೊಳ್ಳುತ್ತಿದ್ದ. ಡಿಸೆಂಬರಿನ ಚಳಿಯಲ್ಲಿ!

ರಾತ್ರಿ ಮ್ಯಾಚಿಗೆ ಇಬ್ಬರು ತಾಯಂದಿರೂ ಹೋಟೆಲಿಗೆ ಬಂದರು. ಹಜರಾಬೀ ಅವರಿಗೆಂದೇ ಕುರ್ಚಿ ಹಾಕಿಸಿ, “ಬರ್ರಿ ಆಪಾ, ಕುಂದರ್ರಿ,” ಎಂದಳು. ಸುನೀಲ ತನ್ನ ಹಳೇ ಜಾಗದಲ್ಲಿ, ತಂಗಿಗೂ ದೋಸ್ತನಿಗೂ ನಡುವೆ ಕೂತ. ಅರ್ಜೆಂಟೀನಾ ಎರಡು ಗೋಲು ಹೊಡೆದು ಮುಂದಾದಾಗ ಅವನು ರಾಮಲಿಂಗನನ್ನು ಎಷ್ಟು ಗಟ್ಟಿಯಾಗಿ ಅಪ್ಪಿಕೊಂಡನೆಂದರೆ, ಹಣಮೇಶ ಬಂದು ಬಿಡಿಸಬೇಕಾಯಿತು.

ಹಾಫ್ ಟೈಮ್‌ನಲ್ಲಿ ಶಿವಾನಿ ಹೊರಗೆ ಬಂದು ನಿಂತಳು. ಒಳಗೆ ಮಲ್ಲಾಬಾಯಿ, ಒಂದೇ ಚೆಂಡಿಗೆ ಇಷ್ಟು ಮಂದಿ ಯಾಕೆ ಓಡುತ್ತಾರೆಂದು ಕೇಳುತ್ತಿದ್ದಳು. ಹಣಮೇಶ ವಿವರಿಸಿ ಸೋಲುತ್ತಿದ್ದ. ರಾಮಲಿಂಗ ಬಂದು ಪಕ್ಕದಲ್ಲಿ, ಒಂದು ಮೊಳ ಬಿಟ್ಟು ನಿಂತ.

“ಹೆದರಿಕಿ ಹೋತೇನ್ರಿ?” ಎಂದಳು.

“ಸ್ವಲ್ಪ ಅದರಿ ಇನ್ನೂ.”

“ಯಾರದು?”

“ನಿಮ್ದರಿ.”

“ನಾ ಏನು ಮಾಡೀನ್ರಿ?”

“ಏನಿಲ್ರಿ. ಹಿಂಗ ನೋಡ್ತೀರಲ್ಲ, ಅದಕ್ಕ.”

ಅವಳು ನೋಡುವುದನ್ನು ಬಿಡಲಿಲ್ಲ. ಅವನೂ ಈ ಸಲ ಕಣ್ಣು ತಪ್ಪಿಸಲಿಲ್ಲ. ಬೀದಿದೀಪದ ಬೆಳಕಲ್ಲಿ ಅವನ ಮುಖ ಶಾಂತವಾಗಿತ್ತು, ಮಳೆ ನಿಂತ ಮೇಲಿನ ಹೊಲದ ಹಾಗೆ. ಒಂದು ಮೊಳದ ದೂರ ಯಾವಾಗ ಕರಗಿತೋ, ಅವನ ಕೈ ಅವಳ ಕೈಗೆ ತಾಗಿತು. ಬೆಚ್ಚಗಿತ್ತು.

ಒಳಗಿಂದ ಸುನೀಲ ಕೂಗಿದ. “ಶುರು ಆತು! ಬರ್ರಿ ಇಬ್ಬರೂ!”

ರಾಮಲಿಂಗ ಹೊಸ್ತಿಲವರೆಗೆ ಹೋಗಿ ನಿಂತ. ಹಿಂದಿರುಗಿ ನೋಡಿದ. ಟೀಚರ್ ಎನ್ನಲು ಬಾಯಿ ತೆರೆದವನು ಹಾಗೆ ಅನ್ನಲಿಲ್ಲ.

“ಶಿವಾನಿ,” ಎಂದ. ಒಂದು ಗಳಿಗೆ ತಡೆದು, ಮೆಲ್ಲಗೆ, “ಬಾ.”

ಅವ್ವ ಕರೆದದ್ದು, ಅಣ್ಣ ಕರೆದದ್ದು, ಹುಟ್ಟಿದಾಗಿನಿಂದ ಕೇಳಿದ ಪುಟ್ಟ ಮಾತು. ಅದರೊಳಗೆ ಇಷ್ಟು ಜಾಗ ಇದೆಯೆಂದು ಅವಳಿಗೆ ಅಂದೇ ತಿಳಿಯಿತು. ದುಪಟ್ಟಾ ಸರಿಮಾಡಿಕೊಂಡು, ಅವನು ತೆರೆದು ಹಿಡಿದ ಬಾಗಿಲಿನೊಳಗೆ ನಡೆದಳು.