ಕೋಟೆಗೋಡೆಯ ಕೆಂಪು ರೈನ್‌ಕೋಟು

ಮುಂದೆ ಹೋಗುತ್ತಿದ್ದವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

"ಕ್ಷಮಿಸಿ, ಹೊರಗೆ ಹೋಗುವ ದಾರಿ ಯಾವುದು?" ಕ್ಲಾರಾ ಮತ್ತೆ ಕೂಗಿದಳು. ಮಳೆಯ ಸದ್ದಿಗೆ ಕೇಳಿಸಿರಲಿಕ್ಕಿಲ್ಲ. ಕೋಟೆಗೋಡೆಯ ಮೇಲೆ ಆ ಕೆಂಪು ರೈನ್‌ಕೋಟು ಮಂಜಿನಲ್ಲಿ ಮರೆಯಾಗುತ್ತ, ಮತ್ತೆ ಕಾಣಿಸುತ್ತ ಸಾಗುತ್ತಿತ್ತು. ಥೇಟ್ ತಾನು ತೊಟ್ಟಿರುವಂಥದ್ದೇ...

ಕ್ಲಾರಾ ಜರ್ಮನಿಯವಳು. ಕನ್ನಡ ಕಲಿಯಲೆಂದು ಒಂದು ವರ್ಷದ ಮಟ್ಟಿಗೆ ಮಂಗಳೂರಿಗೆ ಬಂದಿದ್ದಳು. ಕೋಟೆಗಳೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಹುಚ್ಚು. ಕುಂಬಳೆಯ ಹಳೆಯ ಕೋಟೆ ನೋಡಬೇಕೆಂದು ರಜೆಯ ದಿನ ಒಬ್ಬಳೇ ರೈಲು ಹತ್ತಿದ್ದಳು. ಸ್ಟೇಷನ್ನಿನಲ್ಲಿ ಇಳಿಯುವಾಗ ತುಂತುರು ಹನಿ. ಕೋಟೆಯೊಳಗೆ ಕಾಲಿಡುವಷ್ಟರಲ್ಲಿ ನಡುಮಧ್ಯಾಹ್ನವೇ ಮುಸ್ಸಂಜೆಯಂತಾಗಿತ್ತು.

ಕೆಂಪು ರೈನ್‌ಕೋಟು ಗೋಡೆಯಿಂದ ಇಳಿದು ಪೊದೆಗಳ ನಡುವೆ ಸುಮ್ಮನೆ ನಿಂತಿತು. ತನಗಾಗಿಯೇ ಕಾಯುತ್ತಿರುವಂತೆ.

ಕ್ಲಾರಾ ಅತ್ತ ಹೆಜ್ಜೆಯಿಟ್ಟಳು...

ಹಿಂದಿನಿಂದ ಯಾರೋ ಅವಳ ತೋಳು ಹಿಡಿದು ಬಲವಾಗಿ ಎಳೆದರು.

"ಎಲ್ಲಿಗೆ ಹೋಗ್ತೀರಿ? ಅಲ್ಲಿ ಬಾವಿ ಉಂಟು."

ಅವಳು ಬಗ್ಗಿ ನೋಡಿದಳು. ಎದೆಯೆತ್ತರದ ಹುಲ್ಲಿನ ನಡುವೆ ಬಾವಿಯ ಕಪ್ಪು ಬಾಯಿ. ಅದರಾಚೆ ಯಾರೂ ಇರಲಿಲ್ಲ.

ಎಳೆದವನು ತಲೆಯಿಂದ ಕಾಲಿನವರೆಗೆ ತೊಯ್ದಿದ್ದ. ಇನ್ನೂ ಅವಳ ತೋಳು ಬಿಟ್ಟಿರಲಿಲ್ಲ.

'ನನ್ನ ಎದೆ ಹೊಡೆದುಕೊಳ್ಳುತ್ತಿರುವುದು ಹೆದರಿಕೆಗೋ, ಈ ಕೈಗೋ...'

"ಒಬ್ಬರು ಅಜ್ಜಿಯನ್ನು ನೋಡಿದಿರಾ?" ಅವನು ಕೇಳಿದ. "ಹಸಿರು ಸೀರೆ. ಮರೆವು ಜಾಸ್ತಿ ಅವರಿಗೆ. ಬೆಳಗ್ಗೆ ಮನೆಯಿಂದ ಹೊರಟವರು ಕಾಣ್ತಾ ಇಲ್ಲ. ಹೊಳೆಯ ಬದಿಗೆ ಹೋದ್ರೆ..."

"ನಾನು ಯಾರನ್ನೂ ನೋಡಲಿಲ್ಲ. ಆದರೆ ನಿಮ್ಮೊಂದಿಗೆ ಹುಡುಕುತ್ತೇನೆ."

ಕೆಂಪು ರೈನ್‌ಕೋಟಿನವಳ ಬಗ್ಗೆ ಅವಳು ಹೇಳಲಿಲ್ಲ. ಹೇಳಿದರೆ ಹುಚ್ಚಿ ಎಂದುಕೊಂಡಾನು ಎಂದು ಮಾತನ್ನು ನುಂಗಿಕೊಂಡಳು.

ಅಜ್ಜಿ ಸಿಕ್ಕಿದರು. ಕೊತ್ತಲದ ಕೆಳಗಿನ ಕತ್ತಲೆಯ ಗೂಡಿನಲ್ಲಿ, ಹನಿ ಬೀಳದ ಒಂದೇ ಒಂದು ಮೂಲೆಯಲ್ಲಿ, ಮಡಿಲಲ್ಲಿ ಕೈ ಜೋಡಿಸಿಕೊಂಡು ಕೂತಿದ್ದರು. ಕ್ಲಾರಾಳನ್ನು ನೋಡಿ ಗುರುತಿನವಳನ್ನು ಕಂಡಂತೆ ನಕ್ಕರು.

ಅವನ ಹೆಸರು ವಿಜೇತ್. ಕಾಸರಗೋಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವರು ಈ ಅಮ್ಮಣಿ ಅಜ್ಜಿಯೇ. ಅಂದು ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಹೊರಟವನಿಗೆ ಕ್ಲಾರಾ ತನ್ನ ಚೀಲದಲ್ಲಿದ್ದ ಕೊಡೆ ಬಿಡಿಸಿ ದಾರಿಯುದ್ದಕ್ಕೂ ಹಿಡಿದಳು.

"ನಿಮ್ಮ ಸಹಾಯಕ್ಕೆ ಹೇಗೆ ಥ್ಯಾಂಕ್ಸ್ ಹೇಳುವುದು ಅಂತ ಗೊತ್ತಾಗುದಿಲ್ಲ."

"ಧನ್ಯವಾದ ಸಲ್ಲಿಸುವ ಅವಶ್ಯಕತೆಯಿಲ್ಲ."

ವಿಜೇತ್ ನಕ್ಕುಬಿಟ್ಟ. "ಎಂತ ಕನ್ನಡ ಮಾರಾಯ್ರೆ ನಿಮ್ಮದು. ವಾರ್ತೆ ಓದಿದ ಹಾಗೆ."

ಆ ನಗು ಮಂಗಳೂರಿನವರೆಗೂ ಅವಳ ಜೊತೆಗೇ ಬಂತು.

ಮುಂದಿನ ಭಾನುವಾರ ಅಜ್ಜಿಯನ್ನು ನೋಡುವ ನೆಪದಲ್ಲಿ ಕ್ಲಾರಾ ಕುಂಬಳೆಗೆ ಬಂದಳು. ಅದರ ಮುಂದಿನ ಭಾನುವಾರ ನೆಪವೂ ಬೇಕಾಗಲಿಲ್ಲ. ವಿಜೇತ್ ಅವಳಿಗೆ ನೀರುದೋಸೆ ಹೊಯ್ಯಲು ಕಲಿಸಿದ. ಅವಳು ಅಜ್ಜಿಯ ತಲೆ ಬಾಚಿದಳು. ಸಂಜೆ ಅವಳ ರೈಲು ಹೊರಟ ಮೇಲೂ ವಿಜೇತ್ ಪ್ಲಾಟ್‌ಫಾರ್ಮಿನಲ್ಲೇ ನಿಂತಿರುತ್ತಿದ್ದ.

ಒಂದು ದಿನ ಅಜ್ಜಿ ಕ್ಲಾರಾಳ ಕೈ ಸವರುತ್ತ ಹೇಳಿದರು, "ಅವತ್ತು ನನ್ನನ್ನು ಹೊಳೆಯ ಬದಿಯಿಂದ ಕರ್ಕೊಂಡು ಬಂದು ಅಲ್ಲಿ ಕೂರಿಸಿದವಳು ನೀನೇ ಅಲ್ವಾ ಮಗಾ? ಕೆಂಪು ಅಂಗಿ ಹಾಕಿದ್ದಿ. ಕೈ ಎಷ್ಟು ತಣ್ಣಗಿತ್ತು ನಿನ್ನದು..."

ಕ್ಲಾರಾ ಥಟ್ಟನೆ ಕೈ ಹಿಂದೆಗೆದುಕೊಂಡಳು.

ವಿಜೇತ್ ಕೈಯಲ್ಲಿದ್ದ ಲೋಟ ಕೆಳಗಿಟ್ಟ. "ಅಜ್ಜಿಯನ್ನು ನೋಡಲೇ ಇಲ್ಲ ಅಂದಿರಲ್ಲ?"

"ನೋಡಲಿಲ್ಲ. ಅಲ್ಲಿ ಇನ್ನೊಬ್ಬಳಿದ್ದಳು, ವಿಜೇತ್. ನನ್ನಂಥದ್ದೇ ಕೋಟು. ನಾನು ಅವಳ ಹಿಂದೆಯೇ ಹೋಗಿ ಬಾವಿಯ ಹತ್ತಿರ..."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ವಿಜೇತ್ ಎದ್ದು ನಿಂತ.

"ನಾನು ಹುಚ್ಚನ ಹಾಗೆ ಹುಡುಕ್ತಾ ಇದ್ದೆ. ಅಜ್ಜಿ ಎಲ್ಲಿದ್ದಾರೆ ಅಂತ ನಿಮಗೆ ಗೊತ್ತಿತ್ತು. ನೋಡ್ತಾ ನಿಂತಿರಿ ಅಲ್ವಾ? ತಮಾಷೆಯಾ ನಿಮಗೆ?"

"ಅದು ನಾನಲ್ಲ..."

"ಹೋಗಿ ದಯವಿಟ್ಟು."

ಕ್ಲಾರಾ ಅಳಲಿಲ್ಲ. ಅಳು ಬಂದದ್ದು ರೈಲಿನಲ್ಲಿ, ಕಿಟಕಿಯಾಚೆ ಮಳೆಯಲ್ಲಿ ಕೋಟೆ ಕಣ್ಮರೆಯಾದ ಮೇಲೆ.

ಅನಂತರದ ದಿನಗಳಲ್ಲಿ ಅವಳು ಕನ್ನಡಿ ನೋಡಲು ಹೆದರಿದಳು. 'ಅದು ನಿಜಕ್ಕೂ ನಾನಲ್ಲವೇ? ಹಾಗಾದರೆ ಯಾರು?' ಓದು ತಲೆಗೆ ಹತ್ತಲಿಲ್ಲ. ವರ್ಷ ಮುಗಿಯುವ ಮೊದಲೇ ಊರಿಗೆ ಮರಳುವುದೆಂದು ನಿಶ್ಚಯಿಸಿದಳು. ಹೋಗುವ ಮೊದಲು ಒಮ್ಮೆ ಅವನ ದನಿ ಕೇಳಬೇಕೆನ್ನಿಸಿ, ಒಂದು ಮಧ್ಯಾಹ್ನ ಫೋನ್ ಮಾಡಿದಳು.

"ವಿಜೇತ್, ನಾನು ಜರ್ಮನಿಗೆ ಹಿಂತಿರುಗುತ್ತಿದ್ದೇನೆ. ಅಜ್ಜಿಗೆ ತಿಳಿಸಿ."

ಆ ಕಡೆಯಿಂದ ಮಳೆಯ ಸದ್ದು ಬರುತ್ತಿತ್ತು. ಅವನೆಂದ, "ಬಂದು ನೀವೇ ಹೇಳಿ. ಇಷ್ಟು ಹತ್ತಿರ ಇದ್ದು ಫೋನ್ ಯಾಕೆ?"

"ಎಲ್ಲಿ?"

"ಅಜ್ಜಿ ಹಟ ಮಾಡಿದ್ರು ಅಂತ ಅವರನ್ನು ಕೋಟೆಗೆ ಕರ್ಕೊಂಡು ಬಂದಿದ್ದೇನೆ. ಗೋಡೆಯ ಮೇಲೆ ನಿಂತಿದ್ದೀರಲ್ಲ ನೀವು. ಕೆಂಪು ಕೋಟು ಕಾಣ್ತಾ ಉಂಟು."

"ನಾನು ಹಾಸ್ಟೆಲ್‌ನಲ್ಲಿದ್ದೇನೆ."

"ಸುಳ್ಳು ಹೇಳ್ಬೇಡಿ."

ಅವಳು ವಿಡಿಯೋ ಒತ್ತಿದಳು. ಹಾಸ್ಟೆಲಿನ ಕೋಣೆ, ಅರ್ಧ ತುಂಬಿದ ಸೂಟ್‌ಕೇಸು, ಕಿಟಕಿಯಲ್ಲಿ ಬಿಸಿಲು. ವಿಜೇತನ ಮುಖ ಬಿಳಿಚಿತು. ಅವನ ಹಿಂದೆ ಅಜ್ಜಿ ಗೋಡೆಯ ಕಡೆಗೆ ಕೈಬೀಸುತ್ತಿದ್ದರು.

"ಹಾಗಾದ್ರೆ ಅದು... ಅದು ನನ್ನನ್ನು ಕರೀತಾ ಉಂಟು, ಕ್ಲಾರಾ."

"ಹೋಗಬೇಡ! ವಿಜೇತ್, ಅದರ ಹತ್ತಿರ ಹೋಗಬೇಡ. ಅಜ್ಜಿಯನ್ನು ಕರೆದುಕೊಂಡು ಸ್ಟೇಷನ್ನಿಗೆ ಬಾ. ನಾನು ಬರುತ್ತೇನೆ, ಈಗಲೇ ಬರುತ್ತೇನೆ."

ರೈನ್‌ಕೋಟಿಗೆಂದು ಬಾಗಿಲ ಹಿಂದಿನ ಮೊಳೆಗೆ ಕೈಚಾಚಿದವಳು ಹಾಗೇ ನಿಂತಳು. ಮಂಗಳೂರಿನಲ್ಲಿ ನಿನ್ನೆಯಿಂದ ಹನಿ ಮಳೆಯಿಲ್ಲ. ಕೋಟಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಲದ ಮೇಲೆ ಕೆಂಪುಮಣ್ಣು ಬೆರೆತ ನೀರಿನ ಪುಟ್ಟ ಮಡು.

ಅವಳು ಅದನ್ನು ಮುಟ್ಟಲಿಲ್ಲ. ಬಾಗಿಲು ಎಳೆದುಕೊಂಡು ಓಡಿದಳು.

ಕುಂಬಳೆಯಲ್ಲಿ ರೈಲು ನಿಂತಾಗ ಮಳೆ ಇನ್ನೂ ಬಿಟ್ಟಿರಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಅಜ್ಜಿ, ಅವರ ಪಕ್ಕದಲ್ಲಿ ವಿಜೇತ್. ಕ್ಲಾರಾ ಓಡಿಬಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಬೆಚ್ಚಗಿತ್ತು. ಬದುಕಿರುವವನ ಮುಖ.

"ನಂಬಬೇಕಿತ್ತು ನಾನು," ಅವನೆಂದ. "ನೀನು ಹೇಳಿದ ದಿನವೇ ನಂಬಬೇಕಿತ್ತು. ಕಣ್ಣಾರೆ ನೋಡಿದ ಮೇಲೆ ನಂಬಿದ್ರೆ ಎಂತ ದೊಡ್ಡ ವಿಷಯ?"

"ನಾನೂ ಮೊದಲೇ ತಿಳಿಸಬೇಕಾಗಿತ್ತು. ನೀನು ನಗುತ್ತೀಯ ಎಂದು ಹೆದರಿದೆ."

"ಜರ್ಮನಿಗೆ ಹೋಗ್ಬೇಡ ಕ್ಲಾರಾ." ಅವನು ಅವಳ ಎರಡೂ ಕೈ ಹಿಡಿದುಕೊಂಡ. "ಭಾನುವಾರ ಬಂದ್ರೆ ಸ್ಟೇಷನ್ನಿಗೆ ಬಂದು ಕೂತುಕೊಳ್ತಿದ್ದೆ. ನೀನು ಬರುದಿಲ್ಲ ಅಂತ ಗೊತ್ತಿದ್ದೂ. ನನಗೆ ನಿನ್ನನ್ನು ಬಿಟ್ಟು ಇರ್ಲಿಕ್ಕೆ ಆಗುದಿಲ್ಲ."

ಅವಳು ಅವನ ಎದೆಗೆ ಹಣೆಯಿಟ್ಟಳು. ಕಲಿತ ಕನ್ನಡವೆಲ್ಲ ಮರೆತುಹೋಗಿತ್ತು. "ನನಗೂ..." ಎಂದಷ್ಟೇ ಹೇಳಲು ಸಾಧ್ಯವಾಯಿತು.

ಅಜ್ಜಿ ಬೆಂಚಿನಿಂದಲೇ ಕೈ ನೀಡಿ ಅವಳ ಬೆರಳು ಹಿಡಿದರು. ಅರೆಕ್ಷಣ ಯೋಚಿಸಿದರು.

"ಇದು ಬೆಚ್ಚಗುಂಟು," ಎಂದರು ಸಮಾಧಾನದಿಂದ. "ಇವಳೇ ಸರಿ. ಇವಳನ್ನೇ ಮನೆಗೆ ಕರ್ಕೊಂಡು ಹೋಗುವ."

ವಿಜೇತ್ ಕೊಡೆ ಬಿಡಿಸಿದ. ದೂರದಲ್ಲಿ, ಕೋಟೆಯ ದಿಕ್ಕಿನಲ್ಲಿ ಆಕಾಶ ಇನ್ನೂ ಕಪ್ಪಗಿತ್ತು. ಇಬ್ಬರೂ ಅತ್ತ ನೋಡಲಿಲ್ಲ.

"ಇಲ್ಲೇ ಇರ್ಲಿಕ್ಕೆ ನಿನಗೆ ಹೆದರಿಕೆ ಆಗುದಿಲ್ವಾ?" ಅವನು ಮೆಲ್ಲಗೆ ಕೇಳಿದ.

"ಆಗುತ್ತದೆ. ತುಂಬಾ ಆಗುತ್ತದೆ," ಎಂದಳು ಕ್ಲಾರಾ. "ನೀನು ಕೈ ಬಿಡಬೇಡ, ಅಷ್ಟೇ."